ಇಂಗಳೇಶ್ವರದ ಗುಳಿಗೆ ಮಶಿನ್ನು

ದವಾಖಾನೆಯಲ್ಲಿ ಕೆಲಸ ಮಾಡುವವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಚೀಟಿ ಹಿಡಿದು ಪಾಳಿಯಲ್ಲಿ ಬಂದು ಕೂತಿರುತ್ತದೆ. ಬಸವನ ಬಾಗೇವಾಡಿಯ ಒಬ್ಬ ಡಾಕ್ಟರರ ಹತ್ತಿರ ನಾನು ಇಪ್ಪತ್ತೆಂಟು ವರ್ಷ ಕಂಪೌಂಡರ್ ಆಗಿದ್ದೆ. ತನಗೆ ಬರೆದುಕೊಟ್ಟ ಗುಳಿಗೆಯನ್ನು ಮೊದಲು ಎಮ್ಮೆಗೆ ತಿನ್ನಿಸಿ, "ಎಮ್ಮಿ ಆರಾಮ ಐತ್ರಿ, ಇನ್ನ ನಾನೂ ತಗೊಳ್ಳಲೇನ್ರಿ?" ಎಂದು ಕೇಳಲು ಬಂದವನನ್ನು ಕಂಡಿದ್ದೇನೆ. ಕಣ್ಣಿಗೆ ಬಿಡುವ ಔಷಧವನ್ನು ಕಣ್ಣು ಮುಚ್ಚಿ ಕುಡಿದವರನ್ನೂ ಕಂಡಿದ್ದೇನೆ. ಆದರೆ ಒಂದು ವರ್ಷ ನಮ್ಮಲ್ಲಿಗೆ ಬಂದ ಗುಳಿಗೆ ಮಶಿನ್ನಿನ ಕತೆ ನೆನೆದರೆ ಈಗಲೂ ಒಂದು ಕಣ್ಣಿನಲ್ಲಿ ನಗು, ಇನ್ನೊಂದರಲ್ಲಿ ನೀರು.

ಎದೆ ಕೂಗಿತು

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಔಷಧ ಕಂಪನಿಯ ಪ್ರತಿನಿಧಿಯೊಬ್ಬ ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದ. ಬಿಜಾಪುರದ ಉರಿಬಿಸಿಲಿನಲ್ಲೂ ಕೊರಳಿಗೆ ಟೈ ಕಟ್ಟಿರುತ್ತಿದ್ದ. ನಾವು ಅವನನ್ನು ಟೈ ಸಾಹೇಬ ಎನ್ನುತ್ತಿದ್ದೆವು. ಅವನು ಒಂದು ದಿನ ಚೀಲದಿಂದ ಊಟದ ತಾಟಿನಷ್ಟು ಅಗಲದ, ಬಿಳಿಯ ದುಂಡನೆ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ.

ಮುಚ್ಚಳ ತೆಗೆದರೆ ಒಳಗೆ ಇಪ್ಪತ್ತೆಂಟು ಗೂಡು. ದಿನಕ್ಕೆ ನಾಲ್ಕರಂತೆ ಒಂದು ವಾರದ ಗುಳಿಗೆ ತುಂಬಿ ಕೀಲಿ ಹಾಕಿಬಿಡಬೇಕು. ಹೊತ್ತಿಗೆ ಸರಿಯಾಗಿ ಒಳಗಿನ ತಟ್ಟೆ ತಾನೇ ತಿರುಗುತ್ತದೆ, ಒಂದು ಗೂಡು ಬಾಯಿಗೆ ಬರುತ್ತದೆ, ಟೂಂವ್ ಟೂಂವ್ ಎಂದು ಕೂಗಲು ಶುರುವಾಗುತ್ತದೆ. ಡಬ್ಬಿಯನ್ನು ಎತ್ತಿ ಬೋರಲು ಮಾಡಿ ಗುಳಿಗೆಯನ್ನು ಅಂಗೈಗೆ ಸುರುವಿಕೊಳ್ಳುವವರೆಗೂ ಅದು ಬಾಯಿ ಮುಚ್ಚುವುದಿಲ್ಲ.

"ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ತಾಲೂಕಿಗೊಂದು ಕೊಟ್ಟಾರ್ರಿ," ಎಂದ ಟೈ ಸಾಹೇಬ. "ಒಂದ ವರ್ಷ ಇಟ್ಟು ನೋಡ್ರಿ. ಪೇಶಂಟ್‌ಗೆ ಉಪಯೋಗ ಆದ್ರ ನಿಮಗ ಬಿಡ್ತೇವಿ. ಇಲ್ಲಂದ್ರ ಹೊಳ್ಳಿ ಒಯ್ತೇನಿ."

ಡಾಕ್ಟರರು ಬಹಳ ಓದಿದ ಮನುಷ್ಯ. ಆ ದಿನ ಮಾತ್ರ ಮಕ್ಕಳಿಗಿಂತ ಕಡೆಯಾದರು. ಗುಳಿಗೆ ಬದಲು ಶೇಂಗಾ ಬೀಜ ತುಂಬಿಸಿ, ಗಂಟೆ ಹೊಂದಿಸಿ, "ನೋಡೂಣು, ಹೇಳಿದ ಟೈಮಿಗೆ ಕೊಡತೈತೋ ಇಲ್ಲೋ" ಎಂದು ಕಾಯುತ್ತ ಕೂತರು. ನನಗೂ ಮಿಕ್ಸ್ಚರ್ ಕಲಸುವ ಕೆಲಸ ಮರೆತು ಹೋಯಿತು. ಅಷ್ಟರಲ್ಲಿ ಒಬ್ಬ ಮುದುಕ ಬಂದ. ಅವನನ್ನು ಮಲಗಿಸಿ ಡಾಕ್ಟರರು ಎದೆಗೆ ನಳಿಕೆ ಇಟ್ಟರು. ಇಟ್ಟ ಕ್ಷಣಕ್ಕೇ ತಲೆಯ ಹಿಂದಿನಿಂದ ಟೂಂವ್ ಟೂಂವ್!

ಮುದುಕ ಧಡಕ್ಕನೆ ಎದ್ದು ಕೂತು ಎರಡೂ ಕೈಯಿಂದ ಎದೆ ಮುಚ್ಚಿಕೊಂಡ. ಡಾಕ್ಟರರು ಅವನ ಕಡೆ ನೋಡದೆ ಮಶಿನ್ನಿನ ಹತ್ತಿರ ಓಡಿ, ಬೋರಲು ಹಾಕಿ, ಬಿದ್ದ ಶೇಂಗಾ ಬೀಜವನ್ನು ಬಾಯಿಗೆ ಹಾಕಿಕೊಂಡು, "ವಾಹ್! ಬರೋಬ್ಬರಿ ಟೈಮಿಗೆ ಬಂತು ನೋಡು" ಎಂದರು.

ಮುದುಕ ಕೇಳಿದ: "ನನ್ನ ಟೈಮ್ ಏನ್ರಿ, ಸಾಹೇಬ್ರ?"

ವೈಶಾಖದಲ್ಲಿ ಶ್ರಾವಣ

ಮಶಿನ್ನು ಯಾರಿಗೆ ಕೊಡಬೇಕು ಎಂದು ಡಾಕ್ಟರರು ಯೋಚಿಸಲೇ ಇಲ್ಲ. ಇಂಗಳೇಶ್ವರದಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದ ಒಬ್ಬ ಕಾಕಾ ನಮ್ಮ ಪೇಶಂಟ್. ಅವರಿಗೆ ಕೈ ನಡುಗುವ ನರದ ರೋಗ. ಬೇರೆ ಯಾರಿಗೆ ಬಂದಿದ್ದರೂ ಅದು ಬರೀ ರೋಗ. ಕ್ಷೌರ ಮಾಡುವವರಿಗೆ ಬಂದರೆ ಊರಿಗೆಲ್ಲ ಬಂದಂತೆ.

ಊರ ಮಂದಿಗೆ ಕಾಕಾನ ಮೇಲೆ ಜೀವ. ಆದರೆ ಅವರವರ ಕೊರಳ ಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚು ಜೀವ. ಬಾಯಿಬಿಟ್ಟು "ನಿಮ್ಮ ಕೈ ನೋಡಿದ್ರ ಅಂಜಿಕಿ ಬರತೈತಿ" ಎನ್ನಲು ಯಾರಿಗೂ ಮನಸ್ಸಾಗದು. ನಮ್ಮ ಕಡೆ ಶ್ರಾವಣ ಮಾಸದಲ್ಲಿ ಗಡ್ಡ ತೆಗೆಸದಿರುವ ಪದ್ಧತಿ ಉಂಟಲ್ಲ, ಅದನ್ನೇ ಹಿಡಿದುಕೊಂಡರು. ನಾನು ವೈಶಾಖದ ಬಿಸಿಲಿನಲ್ಲಿ ಆ ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತವರಿಗೆಲ್ಲ ಎದೆಯುದ್ದ ಗಡ್ಡ.

"ಏನ್ರಿ ಇದು, ಎಲ್ಲಾರೂ ಸ್ವಾಮಿಗೋಳಾಗೀರಿ?" ಎಂದೆ.

"ಶ್ರಾವಣ ಹಿಡದೇವ್ರಿ," ಎಂದ ಒಬ್ಬ.

"ಶ್ರಾವಣಕ್ಕ ಇನ್ನೂ ಮೂರು ತಿಂಗಳ ಐತೆಲ್ಲ?"

"ಈ ವರ್ಷ ನಾವು ಸ್ವಲ್ಪ ಜಲ್ದಿ ಹಿಡದೇವಿ."

ಕಾಕಾ ಅಂಗಡಿಯಲ್ಲಿ ಖಾಲಿ ಕುರ್ಚಿ ಒರೆಸುತ್ತ ಕೂತಿದ್ದರು. ಗುಳಿಗೆ ಇಲ್ಲವೆಂದಲ್ಲ. ದಿನಕ್ಕೆ ನಾಲ್ಕು ಸಲ ಹೊತ್ತಿಗೆ ಸರಿಯಾಗಿ ನುಂಗಬೇಕು, ಅದೇ ಆಗುತ್ತಿರಲಿಲ್ಲ. ಒಂದು ಹೊತ್ತು ಮರೆಯುವುದು, ಮರೆತದ್ದು ನೆನಪಾದಾಗ ಎರಡು ಕೂಡಿಸಿ ನುಂಗುವುದು. ಹಾಗೆ ಮಾಡಿದರೆ ಈ ರೋಗ ಕೇಳುವುದಿಲ್ಲ.

ಅವರ ಎದೆಯಲ್ಲಿದ್ದ ಚಿಂತೆ ಬೇರೆಯದೇ. ಊರ ಗೌಡರ ಮೊಮ್ಮಗನಿಗೆ ಬರುವ ಮಾಗಿಯಲ್ಲಿ ಜವಳ, ಅಂದರೆ ಕೂಸಿನ ಮೊದಲ ಕೂದಲು ತೆಗೆಯುವುದು. ಗೌಡರ ಜವಳ ತೆಗೆದದ್ದು ಕಾಕಾನ ಅಪ್ಪ. ಗೌಡರ ಮಗನ ಜವಳ ತೆಗೆದದ್ದು ಸ್ವತಃ ಕಾಕಾ. ಈ ಕೂಸಿನದು ಬಸ್‌ಸ್ಟ್ಯಾಂಡ್ ಹತ್ತಿರದ ಹೊಸ ಸಲೂನಿನವನಿಗೆ ಹೋದರೆ ಅವರ ಕತ್ತಿ, ಕತ್ತರಿ ಕಾಯಮ್ಮಾಗಿ ಪೆಟ್ಟಿಗೆ ಸೇರಿದಂತೆ.

"ಗೌಡ್ರು ನೀನ ತಗೀಬೇಕು ಅಂತಾರ," ಎಂದರು ಕಾಕಾ. "ಗೌಡ್ರ ಸೊಸಿ ಕೂಸಿನ ತಲಿ ಸೆರಗಿನಾಗ ಮುಚ್ಚಿಕೋತಾಳ. ಆಕಿದೇನು ತಪ್ಪೈತಿ? ನನ್ನ ಕೈಯಾಗ ನಾನ ನನ್ನ ಕೂಸು ಕೊಡೂದಿಲ್ಲ."

ಹೀಗೆನ್ನುವಾಗ ಅವರ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಅವರು ಅದನ್ನು ಎಡಗೈಯಿಂದ ಹಿಡಿದುಕೊಂಡರು. ಆಮೇಲೆ ಎರಡೂ ಕುಣಿದವು.

ಬರ್ರಿ, ತಗೋರಿ

ಮಶಿನ್ನನ್ನು ಅಂಗಡಿಯ ಕನ್ನಡಿಯ ಕೆಳಗೆ ಇಟ್ಟೆ. ಪ್ರತಿ ರವಿವಾರ ನಾನು ಸೈಕಲ್ ಮೋಟರ್ ಮೇಲೆ ಹೋಗಿ ತುಂಬಿ ಬರಬೇಕು, ಕೀಲಿ ನನ್ನ ಹತ್ತಿರ. ಮುಂಜಾನೆ ಏಳು, ಹನ್ನೊಂದು, ಮಧ್ಯಾಹ್ನ ಮೂರು, ಸಂಜೆ ಏಳು. ಪ್ರತಿ ಗೂಡಿಗೂ ಕೈ ನಿಲ್ಲುವ ಗುಳಿಗೆ ಒಂದು, ಶಕ್ತಿಗೆ ಕೆಂಪು ಗುಳಿಗೆ ಒಂದು. ಸಂಜೆ ಮಶಿನ್ನು ಕಾಕಾನ ಜೊತೆ ಮನೆಗೆ ಹೋಗುತ್ತಿತ್ತು, ಮುಂಜಾನೆ ಅಂಗಡಿಗೆ ಬರುತ್ತಿತ್ತು. ಕಾಕಾನ ಹೆಂಡತಿ, ಊರಿಗೆಲ್ಲ ಕಾಕು, ಅದನ್ನು ಸೆರಗಿನಿಂದ ಒರೆಸಿ ಕಳಿಸುತ್ತಿದ್ದರು.

ಮೊದಲ ವಾರ ಮಂದಿ ಬರೀ ನೋಡಲು ಬಂದರು. ಎರಡನೇ ವಾರದ ಹೊತ್ತಿಗೆ ಒಂದು ಮಾತು ಅವರ ಲಕ್ಷ್ಯಕ್ಕೆ ಬಂತು. ಮಶಿನ್ನು ಕೂಗಿ ಅರ್ಧ ತಾಸಿಗೆ ಕಾಕಾನ ಕೈ ನಿಲ್ಲುತ್ತದೆ. ನಾನೂ ಅದನ್ನು ಕಣ್ಣಾರೆ ನೋಡಿದೆ. ಕುಣಿಯುತ್ತಿದ್ದ ಬೆರಳು ಒಂದೊಂದಾಗಿ ಸುಮ್ಮನಾದವು. ಕಾಕಾ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆದು ಗಾಳಿಯಲ್ಲಿ ಹಿಡಿದರು, ಅದು ಅಲ್ಲೇ ನಿಂತಿತು. ಎಷ್ಟೋ ವರ್ಷ ಗುಳಿಗೆ ಎಣಿಸಿ ಕೊಟ್ಟವನು ನಾನು. ಅಂಥ ಗುಲಗಂಜಿಯಷ್ಟು ಗುಳಿಗೆ ಒಬ್ಬ ಮನುಷ್ಯನ ಕೈಯನ್ನು ಅವನಿಗೆ ಹೊಳ್ಳಿ ಕೊಡುವುದನ್ನು ಆ ದಿನವೇ ನೋಡಿದ್ದು.

ಇಷ್ಟಾದ ಮೇಲೆ ಶ್ರಾವಣ ತಾನೇ ಮುಗಿಯಿತು. ಮಂದಿ ಕಟ್ಟೆಯ ಮೇಲೆ ಕೂತು ಕಿವಿಗೊಟ್ಟು ಕಾಯುತ್ತಿದ್ದರು. ಟೂಂವ್ ಎಂದೊಡನೆ ಪಾಳಿ ಹಚ್ಚುತ್ತಿದ್ದರು. ಅರ್ಧ ತಾಸು ಕಳೆಯುವ ಮೊದಲೇ ಕುರ್ಚಿ ಹತ್ತುವ ಧೈರ್ಯ ಮಾತ್ರ ಯಾರೂ ಮಾಡಲಿಲ್ಲ.

ಆದರೆ ನಮ್ಮ ಕಡೆಯ ಇನ್ನೊಂದು ಪದ್ಧತಿಯನ್ನು ನಾನು ಮರೆತಿದ್ದೆ. ಎದುರಿಗೆ ನಾಲ್ಕು ಮಂದಿ ಕೂತಾಗ "ಬರ್ರಿ, ತಗೋರಿ" ಎನ್ನದೆ ಒಬ್ಬರೇ ಏನನ್ನೂ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಕಾಕಾ ಮರ್ಯಾದಸ್ತ ಮನುಷ್ಯ. ಅಂಗೈಯಲ್ಲಿ ಗುಳಿಗೆ ಬಿದ್ದೊಡನೆ ಪಾಳಿಯವರ ಮುಂದೆ ಕೈ ಚಾಚಿ "ಬರ್ರಿ, ತಗೋರಿ" ಎನ್ನುತ್ತಿದ್ದರು. ಉಳಿದವರು "ಆಗಲ್ರಿ, ನೀವು ತಗೋರಿ" ಎನ್ನುತ್ತಿದ್ದರು. ಒಬ್ಬ ಹಿರಿಯರು ಮಾತ್ರ, ಚಾಚಿದ ಕೈಯನ್ನು ಬರಿದೇ ಕಳಿಸಬಾರದೆಂದು, ಕೆಂಪು ಗುಳಿಗೆ ಎತ್ತಿಕೊಂಡು ಬಾಯಿಗೆ ಹಾಕಿಕೊಂಡರಂತೆ.

ಇದು ನನಗೆ ಗೊತ್ತಾದದ್ದು ರವಿವಾರ. ಪುಣ್ಯಕ್ಕೆ ಅದು ಶಕ್ತಿಯ ಗುಳಿಗೆ. ಆದರೂ ಆ ಹಿರಿಯರನ್ನು ಹುಡುಕಿ, ಮತ್ತೊಬ್ಬರ ಔಷಧಿ ಮುಟ್ಟಬಾರದೆಂದು ಚೆನ್ನಾಗಿ ಬೈದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿದರು.

"ತಪ್ಪಾತು ತಮ್ಮಾ, ಇನ್ನೊಮ್ಮಿ ಮುಟ್ಟೂದಿಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಅಂದಂಗ ಹಸಿವು ಭಾಳ ಛಲೋ ಆಗೈತಿ. ಮಶಿನ್ನಿಗೆ ಹೇಳಿ ನನ್ನ ಹೆಸರಿಲೆ ಒಂದು ಗೂಡು ಇಡಸ್ತೀಯೇನು?" ಎಂದರು.

ನಾಲ್ಕು ಉಳಿದವು

ಮಶಿನ್ನು ಬಂದಂದಿನಿಂದ ಒಂದು ಸಂಗತಿ ನನ್ನನ್ನು ಕಾಡುತ್ತಿತ್ತು. ರವಿವಾರ ಕೀಲಿ ತೆಗೆದರೆ ನಾಲ್ಕು ಗೂಡಿನ ಗುಳಿಗೆ ಹಾಗೇ ಉಳಿದಿರುತ್ತಿತ್ತು. ಮೊದಲ ವಾರ ನಾನೇ ಎಣಿಕೆ ತಪ್ಪಿದೆ ಎಂದುಕೊಂಡೆ. ಮುಂದಿನ ವಾರ ಡಾಕ್ಟರರ ಎದುರು ಗಟ್ಟಿಯಾಗಿ ಎಣಿಸಿ ಒಯ್ದೆ. ಮತ್ತೆ ನಾಲ್ಕು ಉಳಿದವು.

"ನಿನಗ ವಯಸ್ಸಾತು," ಎಂದರು ಡಾಕ್ಟರರು.

ಕಾಕಾನನ್ನು ಕೇಳಿದೆ: "ಯಾವ ಹೊತ್ತರ ತಪ್ಪಸಾಕತ್ತೀರೇನ್ರಿ?"

"ಬಸವಣ್ಣನಾಣಿ, ಅದು ಕೊಟ್ಟಾಗ ಒಮ್ಮೆನೂ ಬ್ಯಾಡ ಅಂದಿಲ್ಲ," ಎಂದರು. ಅದು ನಿಜವೇ ಆಗಿತ್ತು. ನನ್ನ ಪ್ರಶ್ನೆಯೇ ತಪ್ಪಿತ್ತು.

ಜವಳದ ದಿನ ಗೊತ್ತಾದಾಗ ನನ್ನನ್ನು ಕಾಡಿದ್ದು ಬಯಲಿಗೆ ಬಂತು. ಸೋಮವಾರ ನಮ್ಮಲ್ಲಿ ಯಾರೂ ದಾಡಿ ಮಾಡಿಸುವುದಿಲ್ಲ, ಕಾಕಾನ ಅಂಗಡಿ ಬಂದ್. ಆದರೆ ಜವಳ ದೇವರಿಗೆ ಒಪ್ಪಿಸುವ ಕೂದಲು. ಗೌಡರ ಮನೆತನದ ಹರಕೆ ಬಸವಣ್ಣನಿಗೆ, ಬಸವಣ್ಣನ ವಾರ ಸೋಮವಾರ. ದವಾಖಾನೆಗೆ ಬಂದಿದ್ದ ಗೌಡರಿಂದ ತಿಳಿದ ಆ ಸುದ್ದಿ ಹೇಳೋಣವೆಂದು ನಾನು ಒಂದು ಸೋಮವಾರ ಕಾಕಾನ ಮನೆಗೆ ಹೋದೆ.

ಒಳಗೆ ಕಾಲಿಟ್ಟೆ. ಕಾಕಾ ಗೋಡೆಗೊರಗಿ ಕೂತಿದ್ದರು, ಕೈ ಹಿಂದಿನಂತೆಯೇ ಕುಣಿಯುತ್ತಿತ್ತು. ಜಗಲಿಯ ಮೇಲೆ ದೇವರ ಪಕ್ಕದಲ್ಲಿ ಮಶಿನ್ನು ಕೂತಿತ್ತು. ಮೈತುಂಬ ವಿಭೂತಿ, ಮೇಲೊಂದು ಚೆಂಡು ಹೂವು. ಹನ್ನೊಂದು ದಾಟಿದರೂ ಗಪ್‌ಚಿಪ್. ಎತ್ತಿ ನೋಡಿದರೆ ಕೆಳಗಿನ ಗುಂಡಿ ಬಂದ್ ಮಾಡಿದೆ.

"ಇದನ್ನ ಯಾರು ಬಂದ್ ಮಾಡಿದ್ರಿ?" ಎಂದು ಕೂಗಿದೆ.

"ನಾನ," ಎಂದರು ಕಾಕು, ಮೊರದಲ್ಲಿ ಜೋಳ ಹಸನು ಮಾಡುತ್ತ. "ಯಾಕ, ಇವತ್ತು ಸೋಮವಾರ ಅಲ್ಲೇನು? ಎತ್ತಿನ ಹೆಗಲ ಮ್ಯಾಲ ನೊಗಾ ಇಡತೀರೇನು ಸೋಮವಾರ? ಆ ಮೂಕ ಜೀವ ವಾರಗಟ್ಲೆ ಗರಗರ ತಿರಗತೈತಿ. ಅದಕ್ಕೂ ಒಂದಿನ ರಜಾ ಬ್ಯಾಡೇನು?"

ನಾನು ಕಾಕಾನ ಕಡೆ ತಿರುಗಿದೆ. "ನಿಮಗರ ತಿಳೀಬಾರದೇನ್ರಿ, ಇವತ್ತು ಕೂಗಿಲ್ಲಂತ?"

ಕಾಕಾ ಗುಂಡಿಯ ಸಂಗತಿ ಅಂದೇ ಕೇಳಿದ್ದು. ಅವರು ಮಶಿನ್ನಿನ ಕಡೆ ಭಕ್ತಿಯಿಂದ ನೋಡಿ ನಿಟ್ಟುಸಿರು ಬಿಟ್ಟರು.

"ನಾ ಏನ್ ತಿಳಕೊಂಡಿದ್ದೆ ಅಂದ್ರ, ಅದೂ ಸೋಮವಾರ ಒಪ್ಪತ್ತು ಮಾಡತೈತಿ ಅಂತ."

ಎತ್ತೋ ಆಕಳೋ

ಡಾಕ್ಟರರಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಕುರ್ಚಿಯಿಂದ ಎದ್ದರು. "ಜವಳ ಸೋಮವಾರ ಅಂದಿ. ಅವತ್ತು ಆಕಿ ಬಂದ್ ಮಾಡಿದ್ರ?"

ಇಬ್ಬರೂ ಇಂಗಳೇಶ್ವರಕ್ಕೆ ಹೋದೆವು. ಡಾಕ್ಟರರು ಕಾಕುಗೆ ನರ, ಮಿದುಳು ಎಲ್ಲ ವಿವರಿಸಿದರು. ಕಾಕು ಗೌರವದಿಂದ ತಲೆಯ ಮೇಲೆ ಸೆರಗು ಹೊದ್ದು ಕೇಳಿದರು. ಮುಗಿದ ಮೇಲೆ, "ಎಲ್ಲಾ ಖರೇ ಐತ್ರಿ ಸಾಹೇಬ್ರ. ಆದ್ರ ಸೋಮವಾರ ದುಡಿಸಿದ ಪಾಪ ಯಾರ ತಲಿಗೆ?" ಎಂದರು. ಡಾಕ್ಟರರ ಓದು ಅಲ್ಲಿಗೆ ಮುಗಿಯಿತು.

ನನ್ನ ಹೆಂಡತಿ ಹೇಳುವಂತೆ ನನಗೆ ಬುದ್ಧಿ ಬರುವುದು ಅಪರೂಪ. ಬಂದರೆ ನೇರ ಬಾಯಿಗೇ ಬರುತ್ತದೆ. ಕಾಕುನ ಹಿತ್ತಿಲಲ್ಲಿ ಆಕಳು ಕೂಗಿದ್ದು ಕೇಳಿ ನನ್ನ ಬಾಯಿಂದ ಮಾತು ಹೊರಬಿತ್ತು.

"ಕಾಕು, ಇದು ಎತ್ತು ಅಂತ ನಿಮಗ ಯಾರು ಹೇಳಿದ್ರು? ಇದು ನೇಗಿಲ ಎಳಿತೈತೇನು? ಗಾಡಿ ಎಳಿತೈತೇನು? ಹೊತ್ತಿಗೆ ಸರಿಯಾಗಿ ಕೂಗತೈತಿ, ಬೋರಲ ಹಾಕಿದ್ರ ಕೊಡತೈತಿ. ಇದು ಆಕಳು. ನಿಮ್ಮ ಆಕಳ ಸೋಮವಾರ ಹಾಲು ಕೊಡೂದು ಬಿಡತೈತೇನ್ರಿ?"

ಕಾಕು ಮೊರ ಕೆಳಗಿಟ್ಟರು. ಕೈಯೂರಿ ಎದ್ದುಹೋಗಿ ಮಶಿನ್ನನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹಾಲು ಹಿಂಡದ ಬಿಟ್ರ ಕೆಚ್ಚಲ ಬಾತುಕೋತೈತಿ," ಎಂದು ತಮ್ಮಷ್ಟಕ್ಕೆ ತಾವೇ ಗೊಣಗಿದರು. ಗುಂಡಿ ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿ ಬೈದರು: "ಇದನ್ನ ಮೊದಲ ಹೇಳಬಾರದೇನು, ಮೂರ್ಖ? ಇಷ್ಟು ಸೋಮವಾರ ಅದರ ಹೊಟ್ಟಿ ಎಷ್ಟು ನೊಂದಿರಬೇಕು!"

ಅಂದಿನಿಂದ ಕಾಕು ಮಶಿನ್ನಿನ ಬೆನ್ನು ಎರಡು ಸಲ ಸವರದೆ ಬೋರಲು ಹಾಕಲಿಲ್ಲ.

ಒಂದು ಬಶಿ ಚಹಾ

ಜವಳದ ಸೋಮವಾರ ಬಂತು. ಗುಡಿಯ ಮುಂದೆ ಊರೇ ಸೇರಿತ್ತು. ಪಂಚಾಂಗ ನೋಡಿದ ಅಯ್ಯನವರು ಹನ್ನೊಂದಕ್ಕೆ ಮುಹೂರ್ತ ಎಂದಿದ್ದರು. ನಾನು ಹೋಗಿ, ಗುಳಿಗೆ ನುಂಗಿ ಅರ್ಧ ತಾಸು ಬಿಡಬೇಕು ಎಂದೆ.

"ಗುಳಗಿ ಕೇಳಿ ಮುಹೂರ್ತ ಇಡೂದೇನು?" ಎಂದು ಅಯ್ಯನವರು ಸಿಟ್ಟಾದರು. ಅವರು ಗಡ್ಡ ತೆಗೆಸುವುದು ಕಾಕಾನ ಹತ್ತಿರವೇ. ಒಂದು ಕ್ಷಣ ತಮ್ಮ ಗದ್ದ ಸವರಿಕೊಂಡು, ಪಂಚಾಂಗದ ಇನ್ನೊಂದು ಪುಟ ತೆಗೆದು, "ಹನ್ನೊಂದೂವರಿ ಇನ್ನೂ ಛಲೋ ಐತಿ" ಎಂದರು.

ಹನ್ನೊಂದಕ್ಕೆ ಸರಿಯಾಗಿ ಟೂಂವ್ ಟೂಂವ್. ಕಾಕು ಬೆನ್ನು ಸವರಿ ಬೋರಲು ಹಾಕಿದರು. ಕಾಕಾ ನುಂಗಿದರು. ಆಮೇಲಿನ ಅರ್ಧ ತಾಸು ಅಷ್ಟು ಮಂದಿ ಒಬ್ಬ ಮನುಷ್ಯನ ಬೆರಳುಗಳನ್ನು ನೋಡುತ್ತ ನಿಂತಿದ್ದರು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ ಸೋದರಮಾವ ಕೂಸಿಗಿಂತ ಹೆಚ್ಚು ಬೆವೆತಿದ್ದ.

ಗೌಡರ ಸೊಸೆ ಎದ್ದು ಬಂದಳು. ಮಾವನ ಎದುರು ಎಂದೂ ಮಾತಾಡದ ಹೆಣ್ಣುಮಗಳು. ಬಶಿಯಲ್ಲಿ, ಅಂದರೆ ಕಪ್ಪಿನ ಕೆಳಗಿಡುವ ತಟ್ಟೆಯಲ್ಲಿ, ಅಂಚಿನವರೆಗೆ ಚಹಾ ತುಂಬಿ ಕಾಕಾನ ಮುಂದೆ ಹಿಡಿದಳು.

"ಸಿಟ್ಟಾಗಬ್ಯಾಡ್ರಿ ಕಾಕಾ. ಇದು ಚೆಲ್ಲದಿದ್ರ ಕೂಸಿನ ತಲಿ ನಿಮ್ಮದು."

ಕಾಕಾ ಬಲಗೈಯಿಂದ ಬಶಿ ತೆಗೆದುಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ಬಶಿಯ ಚಹಾದಲ್ಲಿ ಗುಡಿಯ ಶಿಖರ ಕಾಣುತ್ತಿತ್ತು, ಅದೂ ಅಲುಗಾಡುತ್ತಿರಲಿಲ್ಲ. ಆ ಸುಖ ನನಗೆ ನನ್ನ ಮಗಳು ಹುಟ್ಟಿದಾಗ ಆದ ಮೇಲೆ ಮತ್ತೆ ಆದದ್ದು ಅಂದೇ.

ಕಾಕಾ ಚಹಾ ಸೊರ್ರನೆ ಕುಡಿದು ಬಶಿ ಕೊಟ್ಟರು. "ಸಕ್ಕರಿ ಕಡಿಮಿ ಆಗೈತಿ ತಂಗಿ," ಎಂದು ಕತ್ತಿ ತೆಗೆದರು.

ಕೂಸಿನ ತಲೆಯ ಮೇಲೆ ಒಂದು ಗೀರಿಲ್ಲದೆ ಜವಳ ಮುಗಿಯಿತು. ಕೂಸು ಅಳಲೂ ಇಲ್ಲ. ಗಟ್ಟಿಯಾಗಿ ಅತ್ತವರು ಗೌಡರು. ಅವರನ್ನು ಸಮಾಧಾನ ಮಾಡಲು ಕಾಕು ಅಭ್ಯಾಸಬಲದಿಂದ ಅವರ ಬೆನ್ನು ಎರಡು ಸಲ ಸವರಿಬಿಟ್ಟರು. ಹಿಂದಿನಿಂದ ಯಾರೋ ಕೂಗಿದರು: "ಗೌಡ್ರನ್ನ ಬೋರಲ ಹಾಕಬ್ಯಾಡ್ರಿ!"

ಹೋರಿಯೋ ಕಡಸೋ

ವರ್ಷ ತುಂಬಿತು. ಟೈ ಸಾಹೇಬ ಮೋರೆ ಸಪ್ಪಗೆ ಮಾಡಿಕೊಂಡು ಬಂದ. ಉಳಿದ ಮೂರು ಮಶಿನ್ನು ಹೊಳ್ಳಿ ಬಂದಿದ್ದವು. ಇಂಡಿಯವರು ತೂಕಡಿಸುವ ಹೊತ್ತಿಗೇ ಕೂಗುತ್ತದೆಂದು ಕಂಬಳಿ ಸುತ್ತಿ, ಕಾಳು ಕೂಡಿಡುವ ನೆಲದೊಳಗಿನ ಹಗೆಯಲ್ಲಿ ಜೋಳದ ಜೊತೆ ಇಟ್ಟಿದ್ದರು. ಸಿಂದಗಿಯ ಮಾಸ್ತರರು ಒಳಗೇನಿದೆ ಎಂದು ಬಿಚ್ಚಿದ್ದರು, ಕೂಡಿಸಲು ಬರಲಿಲ್ಲ. ಮುದ್ದೇಬಿಹಾಳದಲ್ಲಿ ತುಟ್ಟಿಯ ಮಾಲು ಎಂದು ಟ್ರೆಝರಿ ಕಪಾಟಿನಲ್ಲಿಟ್ಟು ಕೀಲಿ ಕಳೆದುಕೊಂಡಿದ್ದರು. ಬಾಗಿಲು ಒಡೆಸಿ ತೆಗೆಯುವವರೆಗೂ ಕಪಾಟು ದಿನಕ್ಕೆ ನಾಲ್ಕು ಸಲ ಕೂಗುತ್ತಿತ್ತಂತೆ.

"ಇದನ್ನೂ ಒಯ್ಯಾಕ ಹೇಳ್ಯಾರ್ರಿ," ಎಂದ. "ನಾಕರಾಗ ಮೂರು ಫೇಲು. ಇಲ್ಲೇನಾಗೈತಿ ಅಂತ ಪೇಶಂಟ್‌ ಬಾಯಿಂದ ಕೇಳಿ ಬರಕೊಂಡು ಹೋಗ್ತೇನಿ."

ಈ ಮಶಿನ್ನು ಹೋದರೆ ಕಾಕಾನ ಕೈಯೂ ಅದರ ಜೊತೆ ಹೋಗುತ್ತದೆ. ಅವನನ್ನು ಇಂಗಳೇಶ್ವರಕ್ಕೆ ಕರೆದುಕೊಂಡು ಹೋದೆ. ಅಂಗಡಿಯಲ್ಲಿ ಕಾಕಾ ಒಬ್ಬರಿಗೆ ದಾಡಿ ಮಾಡುತ್ತಿದ್ದರು. ಟೈ ಸಾಹೇಬ ಆ ಕೈಯನ್ನೇ ನೋಡುತ್ತ ನಿಂತುಬಿಟ್ಟ. ಆಮೇಲೆ ಹಾಳೆ ತೆಗೆದು ಕಾಕುನ ಎದುರು ಕೂತ.

"ಕಾಕು, ಇದರಾಗ ನಿಮಗೇನರ ತೊಂದ್ರಿ ಐತೇನ್ರಿ? ಇದ್ದದ್ದು ಇದ್ದಂಗ ಹೇಳ್ರಿ."

ನಾನು ಅವರಿಗೆ ಕಣ್ಸನ್ನೆ ಮಾಡಿದೆ, ಏನೂ ಇಲ್ಲ ಅನ್ನಿ ಎಂದು. ಕಾಕು ಸುಳ್ಳು ಹೇಳುವವರಲ್ಲ.

"ಅದು ತಾನಾಗಿ ಒಂದೂ ಹೊತ್ತು ತಪ್ಪಿಲ್ಲ ತಮ್ಮಾ. ಒದಿಯೂದಿಲ್ಲ, ಹಾಯೂದಿಲ್ಲ, ಹೊಟ್ಟಿಗೆ ಎರಡು ಸೆಲ್ ಹಾಕಿದ್ರ ಮುಗೀತು. ಆದ್ರ ಒಂದ ಕೊರತಿ ಐತಿ ನೋಡು." ಟೈ ಸಾಹೇಬ ಪೆನ್ನು ಎತ್ತಿದ. "ಮನಿಗೆ ಬಂದು ವರ್ಷಾತು, ಇನ್ನೂ ಕರು ಹಾಕಿಲ್ಲ."

ಟೈ ಸಾಹೇಬನಿಗೆ ಆಕಳ ಕತೆ ಗೊತ್ತಿರಲಿಲ್ಲ. ನಾನು ಹೇಳಿದೆ. ಅವನು ನಕ್ಕು ನಕ್ಕು, ಕೊನೆಗೆ ಟೈ ಬಿಚ್ಚಿ ಅದರಿಂದಲೇ ಕಣ್ಣೊರೆಸಿಕೊಂಡ. ಹಾಳೆಯ ಮೇಲೆ ಏನು ಬರೆದನೋ, ನನಗೆ ತೋರಿಸಲಿಲ್ಲ. ಮಶಿನ್ನನ್ನು ಮಾತ್ರ ಮುಟ್ಟದೆ ಹೋದ.

ಮುಂದಿನ ತಿಂಗಳು ಅವನು ನೇರ ಇಂಗಳೇಶ್ವರಕ್ಕೇ ಹೋಗೋಣ ಎಂದ. ಕಾಕಾನ ಅಂಗಡಿಯ ಮುಂದೆ ಇಳಿದವನೇ ಕಿಸೆಗೆ ಕೈ ಹಾಕಿ ಅಂಗೈಯಷ್ಟು ಅಗಲದ ಚಿಕ್ಕದೊಂದು ಬಿಳಿ ಡಬ್ಬಿ ತೆಗೆದ. ಪರ ಊರಿಗೆ ಹೋದಾಗ ಜೊತೆಗಿಟ್ಟುಕೊಳ್ಳುವ, ಒಂದೇ ದಿನದ ನಾಲ್ಕು ಗೂಡಿನ ಡಬ್ಬಿ. ಅದೂ ಹೊತ್ತಿಗೆ ಸಣ್ಣ ದನಿಯಲ್ಲಿ ಕೂಗುತ್ತಿತ್ತು.

"ದೊಡ್ಡದು ಕಾಯಂ ನಿಮ್ಮದು ಅಂತ ಬರಸಿಕೊಂಡು ಬಂದೇನ್ರಿ ಕಾಕು," ಎಂದ. "ಮತ್ತ ಇದು ನೋಡ್ರಿ. ನಿಮ್ಮ ಆಕಳ ಕರು ಹಾಕೈತಿ."

ಕಾಕಾ ಕತ್ತಿ ಕೆಳಗಿಟ್ಟು ಎದ್ದು ಬಂದು ಆ ನಿಂತ ಕೈಗಳಿಂದ ಅವನ ಎರಡೂ ಕೈ ಹಿಡಿದುಕೊಂಡರು. ನಾನು ಆ ಕಡೆ ತಿರುಗಿ ಕನ್ನಡಿ ಒರೆಸತೊಡಗಿದೆ. ಕಾಕು ಮಾತ್ರ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಮೇಲೆ ಕೆಳಗೆ, ಹಿಂದೆ ಮುಂದೆ ತಿರುಗಿಸಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಪರೀಕ್ಷೆ ಮಾಡಿದರು.

"ಕರು ಛಂದ ಐತಿ ತಮ್ಮಾ," ಎಂದರು ಕೊನೆಗೆ. "ಆದ್ರ ಹೋರಿಯೋ ಕಡಸೋ, ಅದನ್ನ ಮೊದಲ ಹೇಳು. ಹೋರಿ ಇದ್ರ ಸೋಮವಾರ ರಜಾ ಕೊಡಬೇಕಾಗತೈತಿ."